ವಿಚಾರಣಾ ನ್ಯಾಯಾಲಯದ ವಕೀಲಿಕೆ: ಮೊದಲ ಐದು ವರ್ಷ ಕೆಲಸ ಕಲಿಯುವ ಬಗೆ

ಸನ್ನದು (ವಕೀಲಿಕೆ ಮಾಡುವ ಪರವಾನಗಿ) ಕೈಗೆ ಬಂದ ಹೊಸತರಲ್ಲಿ ಎಲ್ಲರ ತಲೆಯಲ್ಲೂ ವಾದವೇ ತುಂಬಿರುತ್ತದೆ. ಹೇಗೆ ನಿಲ್ಲಬೇಕು, ಇಂಗ್ಲಿಷ್ ಎಷ್ಟು ಸಲೀಸಾಗಿ ಬರಬೇಕು, ಜಡ್ಜ್ ಏನಾದರೂ ಕೇಳಿದರೆ ಏನು ಹೇಳಬೇಕು ಎಂಬ ಚಿಂತೆ. ಆದರೆ ತಾಲೂಕು, ಜಿಲ್ಲಾ ನ್ಯಾಯಾಲಯಗಳಲ್ಲಿ ಕೇಸು ವಾದಕ್ಕೆ ಬರುವ ಹೊತ್ತಿಗೆ ಬಹುಪಾಲು ತೀರ್ಮಾನ ಆಗಿಹೋಗಿರುತ್ತದೆ. ದಾವಾ ಪತ್ರದಲ್ಲಿ ಏನು ಬರೆದಿರಿ, ಯಾವ ದಾಖಲೆ ಸಾಕ್ಷ್ಯವಾಗಿ ಗುರುತಾಯಿತು, ಪಾಟಿ ಸವಾಲಿನಲ್ಲಿ (ಎದುರು ವಕೀಲರ ಪ್ರಶ್ನೆಗಳಲ್ಲಿ) ಸಾಕ್ಷಿ ಏನು ಒಪ್ಪಿಕೊಂಡ, ಯಾವ ಗಡುವು ತಪ್ಪಿತು ಎಂಬುದೇ ಗೆಲುವು ಸೋಲನ್ನು ಮುಕ್ಕಾಲು ಪಾಲು ನಿರ್ಧರಿಸುತ್ತದೆ. ಇವೆಲ್ಲ ಜೂನಿಯರ್ ಕೈಯಲ್ಲೇ ಇರುವ ಕೆಲಸಗಳು. ಮೊದಲ ಐದು ವರ್ಷ ಇವನ್ನು ಚೊಕ್ಕವಾಗಿ ಮಾಡಲು ಕಲಿತವರಿಗೆ ವಾದ ತಾನಾಗಿ ಒದಗಿಬರುತ್ತದೆ.

ಸನ್ನದು ಮತ್ತು ಮೊದಲ ಕಾಗದಪತ್ರ

ರಾಜ್ಯ ವಕೀಲರ ಪರಿಷತ್ತಿನ ನೋಂದಣಿ ಶುಲ್ಕದ ವಿಷಯದಲ್ಲಿ ಹಳಬರ ಮಾತು ನಂಬಿ ಸಾಲ ಮಾಡಬೇಡಿ. 2024ರ ಜುಲೈ 30ರಂದು ಸುಪ್ರೀಂ ಕೋರ್ಟ್ ಗೌರವ್ ಕುಮಾರ್ ಪ್ರಕರಣದಲ್ಲಿ, ವಕೀಲರ ಕಾಯಿದೆ 1961ರಲ್ಲಿ ಹೇಳಿರುವುದಕ್ಕಿಂತ ಹೆಚ್ಚು ವಸೂಲಿ ಮಾಡುವಂತಿಲ್ಲ ಎಂದಿದೆ. ಸ್ಟ್ಯಾಂಪ್ ಶುಲ್ಕ ಬಿಟ್ಟು ಸಾಮಾನ್ಯ ವರ್ಗಕ್ಕೆ 750 ರೂಪಾಯಿ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 125 ರೂಪಾಯಿ. ನಂತರದ್ದು ಅಖಿಲ ಭಾರತ ವಕೀಲರ ಪರೀಕ್ಷೆ. 100 ಪ್ರಶ್ನೆ, ಸಾಮಾನ್ಯ ಮತ್ತು ಹಿಂದುಳಿದ ವರ್ಗಕ್ಕೆ ಶೇ. 45, ಪರಿಶಿಷ್ಟರಿಗೆ ಶೇ. 40 ಅಂಕ ಬೇಕು. ಟಿಪ್ಪಣಿ ಇಲ್ಲದ ಬೇರ್ ಆಕ್ಟ್ (ಕಾಯಿದೆಯ ಮೂಲ ಪಠ್ಯ) ಒಳಗೆ ಒಯ್ಯಬಹುದು. ಪುಸ್ತಕ ಇದೆಯೆಂಬ ಧೈರ್ಯದಲ್ಲಿ ಓದದೆ ಹೋದವರೇ ಹೆಚ್ಚಾಗಿ ಫೇಲಾಗುವುದು, ಏಕೆಂದರೆ ಕಲಂ ಎಲ್ಲಿದೆ ಎಂದು ಗೊತ್ತಿಲ್ಲದವರಿಗೆ ಹುಡುಕುವುದರಲ್ಲೇ ಸಮಯ ಮುಗಿಯುತ್ತದೆ.

ಸಿವಿಲ್ ಜಡ್ಜ್ ಪರೀಕ್ಷೆಯ ಮೇಲೆ ಕಣ್ಣಿಟ್ಟವರು ಇನ್ನೊಂದು ವಿಷಯ ಗಮನಿಸಬೇಕು. ಸುಪ್ರೀಂ ಕೋರ್ಟಿನ 2025ರ ಮೇ 20ರ ತೀರ್ಪಿನಿಂದ 3 ವರ್ಷದ ವಕೀಲಿಕೆ ಮತ್ತೆ ಕಡ್ಡಾಯವಾಗಿದೆ. ತಾತ್ಕಾಲಿಕ ನೋಂದಣಿಯ ದಿನದಿಂದಲೇ ಲೆಕ್ಕ ಶುರು. ನೀವು ವಕೀಲಿಕೆ ಮಾಡುವ ನ್ಯಾಯಾಲಯದ ಪ್ರಧಾನ ನ್ಯಾಯಾಧೀಶರು ಪ್ರಮಾಣಪತ್ರ ಕೊಡಬೇಕು, ಇಲ್ಲವೇ 10 ವರ್ಷ ಪೂರೈಸಿದ ವಕೀಲರು ಕೊಟ್ಟ ಪತ್ರಕ್ಕೆ ಆ ನ್ಯಾಯಾಧೀಶರ ಮೇಲುರುಜು ಇರಬೇಕು. ಹಾಗಾಗಿ ಮೊದಲ ತಿಂಗಳಿನಿಂದಲೇ ವಕಾಲತ್ತಿನಲ್ಲಿ (ಕಕ್ಷಿದಾರರು ವಕೀಲರನ್ನು ನೇಮಿಸುವ ಪತ್ರದಲ್ಲಿ) ಸೀನಿಯರ್ ಹೆಸರಿನ ಕೆಳಗೆ ನಿಮ್ಮ ಹೆಸರು, ನೋಂದಣಿ ಸಂಖ್ಯೆ ಸೇರಿಸಿಕೊಳ್ಳಿ. ಮೂರು ವರ್ಷ ಕಪ್ಪು ಕೋಟು ಹಾಕಿ ಓಡಾಡಿದ್ದಕ್ಕೆ ಕಾಗದದ ಮೇಲೆ ಗುರುತೇ ಇಲ್ಲದಂತಾಗಬಾರದು.

ಯಾವ ಕಚೇರಿ ಸೇರಬೇಕು

ದೊಡ್ಡ ಹೆಸರಿಗಿಂತ ಆ ಕಚೇರಿಯಲ್ಲಿ ಎಷ್ಟು ವಿಚಾರಣೆಗಳು ನಿಜವಾಗಿ ನಡೆಯುತ್ತಿವೆ ಎಂಬುದು ಮುಖ್ಯ. ಒಂದು ವಾರ ಕೋರ್ಟ್ ಹಾಲ್‌ಗಳಲ್ಲಿ ಸುಮ್ಮನೆ ಹಿಂದೆ ಕುಳಿತು ನೋಡಿ. ಮುದ್ದತು (ವಿಚಾರಣೆ ಮುಂದೂಡಿಕೆ) ಕೇಳಿಕೊಂಡು ಹೋಗುವವರು ಯಾರು, ಸಾಕ್ಷಿ ಬಂದ ದಿನ ಫೈಲು ಬಿಚ್ಚಿ ಪಾಟಿ ಸವಾಲು ಮಾಡುವವರು ಯಾರು ಎಂಬುದು ಮೂರನೇ ದಿನಕ್ಕೇ ತಿಳಿಯುತ್ತದೆ. ಎರಡನೆಯವರ ಬಳಿ ಹೋಗಿ ಕೇಳಿ. ಸಿವಿಲ್, ಕ್ರಿಮಿನಲ್ ಎರಡೂ ಇರುವ ಕಚೇರಿ ಮೊದಲ ಮೂರು ವರ್ಷಕ್ಕೆ ಒಳ್ಳೆಯದು. ತಾಲೂಕು ಕೋರ್ಟನ್ನು ಕೀಳಾಗಿ ಕಾಣುವುದು ದೊಡ್ಡ ತಪ್ಪು. ಒಂದೇ ದಿನ ಜಾಮೀನು, ವಿಭಾಗ ದಾವೆ, ಚೆಕ್ ಬೌನ್ಸ್, ಅಮಲ್ಜಾರಿ (ಡಿಕ್ರಿಯ ಜಾರಿ), ಎಸಿ (ಉಪವಿಭಾಗಾಧಿಕಾರಿ) ಕೋರ್ಟಿನ ಕಂದಾಯ ತಕರಾರು ಎಲ್ಲವನ್ನೂ ನೋಡಲು ಸಿಗುವುದು ಅಲ್ಲಿ.

ಸ್ಟೈಪೆಂಡ್ ಎಷ್ಟು ಎಂದು ಮೊದಲ ದಿನವೇ ಕೇಳಿ, ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರ್ ಸುತ್ತೋಲೆಯಲ್ಲಿ ನಗರಗಳಲ್ಲಿ ತಿಂಗಳಿಗೆ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಕೊಡಬೇಕೆಂದು ಶಿಫಾರಸು ಮಾಡಿದೆ. ಶಿಫಾರಸು ಮಾತ್ರ, ಎಷ್ಟೋ ಕಚೇರಿಗಳಲ್ಲಿ ಅದರ ಅರ್ಧವೂ ಸಿಗುವುದಿಲ್ಲ. ಮನೆಯಿಂದ ನೆರವು ಬಾರದ ಮಕ್ಕಳು ವೃತ್ತಿ ಬಿಟ್ಟುಹೋಗಲು ಇದೇ ದೊಡ್ಡ ಕಾರಣ, ಹಿರಿಯರು ಇದನ್ನು ಗಂಭೀರವಾಗಿ ತೆಗೆದುಕೊಳ್ಳಲೇಬೇಕು. ಪರಿಶಿಷ್ಟ ಜಾತಿಯ ಕಾನೂನು ಪದವೀಧರರಿಗೆ ಸಮಾಜ ಕಲ್ಯಾಣ ಇಲಾಖೆಯ ತರಬೇತಿ ಭತ್ಯೆ ಇದೆ, ಎನ್‌ರೋಲ್ ಆದ ಕೂಡಲೇ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ. ಖರ್ಚು ತೂಗಿಸಲು ಪೂರ್ಣಾವಧಿ ಸಂಬಳದ ನೌಕರಿಗೆ ಸೇರಿಕೊಂಡು ಜೊತೆಗೆ ವಕೀಲಿಕೆಯನ್ನೂ ನಡೆಸುವುದಕ್ಕೆ ಪರಿಷತ್ತಿನ 49ನೇ ನಿಯಮ ಅಡ್ಡಬರುತ್ತದೆ. ಯಾರಾದರೂ ದೂರು ಕೊಟ್ಟರೆ ಸನ್ನದಿಗೇ ಸಂಚಕಾರ.

ಡೈರಿ

ಜೂನಿಯರ್‌ಗೆ ಮೊದಲು ಕೊಡುವ ಕೆಲಸ ಡೈರಿ. ಎಲ್ಲರೂ ಬೇಗ ಇನ್ನೊಬ್ಬರಿಗೆ ದಾಟಿಸಲು ನೋಡುವ ಕೆಲಸವೂ ಅದೇ. ಒಂದು ನಮೂದಿನಲ್ಲಿ ಆರು ವಿಷಯ ಇರಬೇಕು: ಹಿಂದಿನ ವಾಯಿದೆ (ವಿಚಾರಣೆಯ ದಿನಾಂಕ), ಕೋರ್ಟ್ ಹಾಲ್, ಕೇಸ್ ಸಂಖ್ಯೆ, ಪಕ್ಷಕಾರರ ಹೆಸರು, ಹಂತ, ಮುಂದಿನ ವಾಯಿದೆ. ಹಂತ ಬರೆಯುವಾಗ ಬರೀ ‘ಎವಿಡೆನ್ಸ್’ ಎಂದರೆ ಸಾಲದು. ‘ಪಿಡಬ್ಲ್ಯೂ 2 ಕ್ರಾಸ್, ನಮ್ಮದು, ಕೊನೇ ಅವಕಾಶ’ ಎಂದಿರಬೇಕು, ಎಂದರೆ ವಾದಿ ಕಡೆಯ ಎರಡನೇ ಸಾಕ್ಷಿಗೆ ನಾವು ಪಾಟಿ ಸವಾಲು ಮಾಡಬೇಕು, ಇದೇ ಕೊನೇ ಸಲ. ಆ ಮೂರು ವಿವರ ಇಲ್ಲದ ಕಾರಣಕ್ಕೆ ಸೀನಿಯರ್ ಬೇರೆ ಊರಿನ ಕೋರ್ಟಿಗೆ ಹೋಗಿ, ಇತ್ತ ‘ಪಾಟಿ ಸವಾಲು ಇಲ್ಲ’ ಎಂದು ದಾಖಲಾಗಿ, ಆಮೇಲೆ ಸಾಕ್ಷಿಯನ್ನು ಮರಳಿ ಕರೆಸಲು ಅರ್ಜಿ ಹಾಕಿ ವೆಚ್ಚ ಕಟ್ಟುವ ಪರಿಸ್ಥಿತಿ ಬರುತ್ತದೆ.

ವಾಯಿದೆ ಕೊಟ್ಟ ತಕ್ಷಣ, ನಿಂತಲ್ಲೇ ಬರೆಯಿರಿ. ಮುಂದಿನ ದಿನಾಂಕದ ಪುಟಕ್ಕೆ ಅದೇ ಸಂಜೆ ಏರಿಸಿ, ನಾಳೆಗೆ ಇಡಬೇಡಿ. ರಾತ್ರಿ ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಪ್ರತಿ ಕೇಸಿಗೂ ಇರುವ 16 ಅಕ್ಷರಾಂಕಗಳ ಸಿಎನ್‌ಆರ್ ಸಂಖ್ಯೆ ಹಾಕಿ ತಾಳೆ ನೋಡಿ. ಆ್ಯಪ್‌ಗೂ ಡೈರಿಗೂ ವ್ಯತ್ಯಾಸ ಬಂದರೆ ಮರುದಿನ ಬೆಳಗ್ಗೆ ಬೆಂಚ್ ಕ್ಲರ್ಕ್ ಬಳಿ ಆರ್ಡರ್ ಶೀಟ್ ನೋಡಿಯೇ ತಿದ್ದಿ. ಕಿವಿಗೆ 16 ಎಂದು ಕೇಳಿಸಿದ್ದು 26 ಆಗಿರುವುದು ಅಪರೂಪವಲ್ಲ. ಗೈರುಹಾಜರಿಗೆ ದಾವೆ ವಜಾ ಆದರೂ, ಏಕಪಕ್ಷೀಯ ಡಿಕ್ರಿ ಆದರೂ ರದ್ದು ಕೋರಲು 30 ದಿನದ ಕಾಲಮಿತಿ ಇದೆ. ಆ ದಿನಗಳು ಯಾರಿಗೂ ತಿಳಿಯದೆ ಕಳೆದುಹೋಗುವುದು ಡೈರಿ ತಪ್ಪಿದಾಗಲೇ.

ಕೇಸ್ ಕೂಗಿದಾಗ ಸೀನಿಯರ್ ಇನ್ನೊಂದು ಹಾಲ್‌ನಲ್ಲಿದ್ದರೆ ಹೇಳಬೇಕಾದ್ದು ಇಷ್ಟೇ: ಯಾರ ಪರ, ಸೀನಿಯರ್ ಯಾವ ಹಾಲ್‌ನಲ್ಲಿದ್ದಾರೆ, ಎಷ್ಟು ಹೊತ್ತಿಗೆ ಬರುತ್ತಾರೆ. ಆದರೆ ಫೈಲು ಓದದೆ ಪಾಸ್ ಓವರ್ (ಕೇಸನ್ನು ಸ್ವಲ್ಪ ಹೊತ್ತು ಬಿಟ್ಟು ಕೂಗಿಸುವುದು) ಕೇಳಲು ನಿಲ್ಲಬೇಡಿ. ಜಡ್ಜ್ ‘ಯಾವ ಹಂತದಲ್ಲಿದೆ?’ ಎಂದು ಕೇಳಿಯೇ ಕೇಳುತ್ತಾರೆ.

ಫೈಲು ಓದುವುದು

ಕಕ್ಷಿದಾರರು ಕಥೆಯನ್ನು ತಮಗೆ ನೋವಾದ ಜಾಗದಿಂದ ಹೇಳಲು ಶುರುಮಾಡುತ್ತಾರೆ. ಮೊದಲು ಪೂರ್ತಿ ಕೇಳಿ, ನಡುವೆ ಕಾನೂನು ಹೇಳಬೇಡಿ. ಆಮೇಲೆ ಒಂದು ಹಾಳೆಯಲ್ಲಿ ದಿನಾಂಕಗಳ ಪಟ್ಟಿ ಮಾಡಿ. ಎಡಗಡೆ ದಿನಾಂಕ, ನಡುವೆ ಘಟನೆ, ಬಲಗಡೆ ಅದಕ್ಕಿರುವ ದಾಖಲೆ. ಬಲಗಡೆ ಖಾಲಿ ಉಳಿದ ಸಾಲುಗಳೇ ನೀವು ಸಾಕ್ಷಿ ಹುಡುಕಬೇಕಾದ ಜಾಗ. ಎರಡು ಪ್ರಶ್ನೆ ಮಾತ್ರ ಬಿಡಲೇಬಾರದು: ‘ಇದೇ ವಿಷಯಕ್ಕೆ ಹಿಂದೆ ಎಲ್ಲಾದರೂ ಕೇಸು, ಪಂಚಾಯ್ತಿ, ಪೊಲೀಸ್ ಅರ್ಜಿ ಆಗಿತ್ತಾ?’ ಮತ್ತು ‘ಯಾವ್ಯಾವ ಕಾಗದಕ್ಕೆ ಸಹಿ ಹಾಕಿದ್ದೀರಿ?’ ಎದುರುದಾರರು ಇವೆರಡನ್ನೂ ಖಂಡಿತ ಹೊರತೆಗೆಯುತ್ತಾರೆ.

ಜಮೀನಿನ ಕೇಸಾದರೆ ಪಹಣಿಯನ್ನು ಕಾಲಂ ಕಾಲಂ ಬಿಡಿಸಿ ಓದಿ. ಕಾಲಂ 3ರಲ್ಲಿ ವಿಸ್ತೀರ್ಣ ಮತ್ತು ಖರಾಬು (ಸಾಗುವಳಿಗೆ ಬಾರದ ಭಾಗ), 9ರಲ್ಲಿ ಖಾತೆದಾರರು, 10ರಲ್ಲಿ ಅವರಿಗೆ ಬಂದ ರೀತಿ ಮತ್ತು ಎಂಆರ್ (ಮ್ಯುಟೇಷನ್, ಎಂದರೆ ಖಾತೆ ಬದಲಾವಣೆ) ಸಂಖ್ಯೆ, 11ರಲ್ಲಿ ಇತರ ಹಕ್ಕು ಮತ್ತು ಋಣ, 12ರಲ್ಲಿ ಸಾಗುವಳಿ. ಕಾಲಂ 9 ನೋಡಿ ತೃಪ್ತಿಪಟ್ಟು 11ನ್ನು ಬಿಟ್ಟರೆ ಬ್ಯಾಂಕ್ ಸಾಲವೂ ಹಳೆಯ ತಡೆಯಾಜ್ಞೆಯೂ ಕಣ್ತಪ್ಪುತ್ತವೆ. ಎಂಆರ್ ಸಂಖ್ಯೆ ಹಿಡಿದು ಮ್ಯುಟೇಷನ್ ಪ್ರತಿ ತೆಗೆಸಿ, ವಿವಾದದ ಬೇರು ಸಾಮಾನ್ಯವಾಗಿ ಅಲ್ಲಿ ಸಿಗುತ್ತದೆ.

ಷೆಡ್ಯೂಲ್ (ದಾವಾ ಪತ್ರದಲ್ಲಿನ ಆಸ್ತಿಯ ವಿವರ) ಬರೆಯುವಾಗ ಅವಸರ ಬೇಡ. ಪಹಣಿಯಲ್ಲಿ 2-20 ಎಂದಿದ್ದರೆ 2 ಎಕರೆ 20 ಗುಂಟೆ, ಎಂದರೆ ಎರಡೂವರೆ ಎಕರೆ. ಅದನ್ನೇ ಟೈಪಿಸ್ಟ್ ‘2.20 ಎಕರೆ’ ಎಂದು ಹೊಡೆದರೆ 2 ಎಕರೆ 8 ಗುಂಟೆ ಆಗುತ್ತದೆ, 12 ಗುಂಟೆ ಕಾಗದದ ಮೇಲೆ ಮಾಯ. ಸರ್ವೆ ನಂಬರ್, ಹಿಸ್ಸಾ, ವಿಸ್ತೀರ್ಣ, ಚಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ) ನಾಲ್ಕನ್ನೂ ಕ್ರಯಪತ್ರ, ಪಹಣಿ, ಸರ್ವೆ ನಕ್ಷೆ ಮೂರರ ಜೊತೆ ಹೋಲಿಸಿ. ಕ್ರಯಪತ್ರದಲ್ಲಿ ಪೂರ್ವಕ್ಕೆ ರಸ್ತೆ, ನಕ್ಷೆಯಲ್ಲಿ ಹಳ್ಳ ಎಂದು ಕಂಡರೆ ದಾವೆ ಹೂಡುವ ಮೊದಲೇ ಜಾಗಕ್ಕೆ ಹೋಗಿ ನಿಂತು ನೋಡಿ. ಈ ದೋಷ ಉಳಿದರೆ ಹತ್ತು ವರ್ಷ ಹೋರಾಡಿ ಡಿಕ್ರಿ ಪಡೆದರೂ ಅಮಲ್ಜಾರಿಯಲ್ಲಿ ಅಮೀನ ಜಾಗ ಗುರುತಿಸಲಾಗದೆ ಹಿಂದಿರುಗುತ್ತಾನೆ.

ವಿಭಾಗ ದಾವೆಯಲ್ಲಿ ವಂಶವೃಕ್ಷವನ್ನು ನೀವೇ ಕೂತು ಬರೆಸಿ. ಮದುವೆಯಾಗಿ ಹೋದ ಹೆಣ್ಣುಮಕ್ಕಳನ್ನು ಬಿಟ್ಟು ತಯಾರಿಸಿದ ಪಟ್ಟಿ ಹಿಡಿದು ಬರುವುದು ಇಂದಿಗೂ ಇದೆ. ಹಿಂದೂ ಉತ್ತರಾಧಿಕಾರ ಕಾಯಿದೆಯ 2005ರ ತಿದ್ದುಪಡಿ ಮತ್ತು 2020ರ ವಿನೀತಾ ಶರ್ಮಾ ತೀರ್ಪಿನ ನಂತರ ಅವರ ಹಕ್ಕಿನ ಬಗ್ಗೆ ಸಂಶಯಕ್ಕೆ ಎಡೆಯಿಲ್ಲ. ಅವರನ್ನು ಪಕ್ಷಕಾರರನ್ನಾಗಿ ಸೇರಿಸದಿದ್ದರೆ ದಾವೆ ಅಲ್ಲೇ ಕುಂಟುತ್ತದೆ.

ಮೊಬೈಲ್ ಫೋಟೊ, ಆಡಿಯೊ, ವಾಟ್ಸ್ಆ್ಯಪ್ ಸಂದೇಶ ಹಾಜರುಪಡಿಸುವುದಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ ಬೇಕು. 2024ರ ಜುಲೈ 1ರಿಂದ ಅದಕ್ಕೆ ಎ ಮತ್ತು ಬಿ ಎಂಬ ಎರಡು ಭಾಗ. ಸಾಧನ ಯಾರ ಕೈಯಲ್ಲಿತ್ತೋ ಅವರದು ಒಂದು, ತಜ್ಞರದು ಇನ್ನೊಂದು, ಎರಡರಲ್ಲೂ ಹ್ಯಾಶ್ ಮೌಲ್ಯ (ಕಡತ ಬದಲಾಗಿಲ್ಲ ಎಂದು ತೋರಿಸುವ ಸಂಕೇತ) ಇರಬೇಕು. ಹಳೆಯ ಸಾಕ್ಷ್ಯ ಕಾಯಿದೆಯ 65ಬಿ ನಮೂನೆಯನ್ನೇ ಕಾಪಿ ಮಾಡಿ ಹಾಕಿದರೆ ತಕರಾರು ಬರುತ್ತದೆ. ಮೂಲ ಫೋನನ್ನು ಮಾರಬೇಡಿ, ಫಾರ್ಮ್ಯಾಟ್ ಮಾಡಬೇಡಿ ಎಂದು ಕಕ್ಷಿದಾರರಿಗೆ ಮೊದಲ ದಿನವೇ ಹೇಳಿ.

ಗಡುವುಗಳ ಲೆಕ್ಕ

ಕಾಲಮಿತಿಯನ್ನು ಮನಸ್ಸಿನಲ್ಲೇ ಲೆಕ್ಕ ಹಾಕಬೇಡಿ, ಕ್ಯಾಲೆಂಡರ್ ಮುಂದಿಟ್ಟುಕೊಂಡು ಬರೆಯಿರಿ. ಚೆಕ್ ಬೌನ್ಸ್ ಕೇಸನ್ನೇ ನೋಡಿ. ಚೆಕ್ ವಾಪಸಾದ ಮೆಮೊ ಜೂನ್ 5ರಂದು ಕೈಸೇರಿತು ಎಂದಿಟ್ಟುಕೊಳ್ಳಿ. ಆ ದಿನ ಬಿಟ್ಟು 30 ದಿನದೊಳಗೆ, ಎಂದರೆ ಜುಲೈ 5ರೊಳಗೆ ನೋಟಿಸ್ ಹೊರಡಬೇಕು. ಅದು ಜುಲೈ 10ರಂದು ತಲುಪಿದರೆ ಹಣ ಕೊಡಲು 15 ದಿನ, ಜುಲೈ 25ರವರೆಗೆ. ವ್ಯಾಜ್ಯ ಕಾರಣ (ದೂರು ಕೊಡುವ ಹಕ್ಕು) ಹುಟ್ಟುವುದು ಜುಲೈ 26ಕ್ಕೆ. ಅಲ್ಲಿಂದ ದೂರು ಸಲ್ಲಿಸಲು ಒಂದು ತಿಂಗಳು, ಆ ದಿನ ಬಿಟ್ಟು ಎಣಿಸಿದರೆ ಆಗಸ್ಟ್ 26 ಕೊನೆ. ಇಲ್ಲಿ ಹೇಳಿರುವುದು ಕ್ಯಾಲೆಂಡರ್ ತಿಂಗಳು, 30 ದಿನ ಅಲ್ಲ. ಡೈರಿಯಲ್ಲಿ ಆಗಸ್ಟ್ 5ಕ್ಕೇ ‘ದೂರು ಸಲ್ಲಿಸಬೇಕು’ ಎಂದು ಬರೆದಿಡಿ. ತಡವಾದರಷ್ಟೇ ಅಲ್ಲ, ಅವಸರಪಟ್ಟರೂ ಕೆಡುತ್ತದೆ: 15 ದಿನ ಮುಗಿಯುವ ಮೊದಲೇ ಸಲ್ಲಿಸಿದ ದೂರು ನಿಲ್ಲುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದೆ.

ಕ್ರಿಮಿನಲ್ ಕಡೆಯಲ್ಲಿ ಕಟ್ಟೆಚ್ಚರ ಬೇಕಾದ್ದು ದೋಷಾರೋಪ ಪಟ್ಟಿ ಬಾರದಿದ್ದಾಗ ಸಿಗುವ ಡಿಫಾಲ್ಟ್ ಜಾಮೀನಿಗೆ. ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಕಲಂ 187ರ ಪ್ರಕಾರ ಮರಣದಂಡನೆ, ಜೀವಾವಧಿ ಅಥವಾ 10 ವರ್ಷ ಮತ್ತು ಮೇಲ್ಪಟ್ಟ ಶಿಕ್ಷೆಯ ಅಪರಾಧಗಳಿಗೆ 90 ದಿನ, ಉಳಿದವಕ್ಕೆ 60. ರಿಮಾಂಡ್ ಆದ ದಿನವೂ ಎಣಿಕೆಗೆ ಸೇರುತ್ತದೆ, 2023ರ ಮಾರ್ಚ್‌ನಲ್ಲಿ ಇದು ಇತ್ಯರ್ಥವಾಗಿದೆ. ಪಟ್ಟಿ ದಾಖಲಾದ ಮೇಲೆ ಅರ್ಜಿ ಹಾಕಿ ಫಲವಿಲ್ಲ. ಗಡುವು ಮುಗಿದ ಮರುದಿನ ಬೆಳಗ್ಗೆ 11 ಗಂಟೆಗೆ ಅರ್ಜಿ ಕೈಯಲ್ಲಿ ಸಿದ್ಧವಿರಬೇಕು. ಒಬ್ಬ ಮನುಷ್ಯನ ಬಿಡುಗಡೆ ನಿಮ್ಮ ಒಂದು ದಿನದ ಲೆಕ್ಕದ ಮೇಲೆ ನಿಂತಿರುತ್ತದೆ ಎಂಬುದು ಮರೆಯಬಾರದ ಮಾತು.

ಸಿವಿಲ್‌ನಲ್ಲಿ ಲಿಖಿತ ಹೇಳಿಕೆಗೆ (ಪ್ರತಿವಾದಿಯ ಉತ್ತರಕ್ಕೆ) ಸಮನ್ಸ್ ತಲುಪಿದಂದಿನಿಂದ 30 ದಿನ, ನ್ಯಾಯಾಲಯ 90ರವರೆಗೆ ವಿಸ್ತರಿಸಬಹುದು. ವಾಣಿಜ್ಯ ದಾವೆಯಲ್ಲಿ 120 ದಿನ ದಾಟಿದರೆ ಬಾಗಿಲು ಮುಚ್ಚಿದಂತೆಯೇ. ಎದುರುದಾರರ ಗೈರಿನಲ್ಲಿ ತಡೆಯಾಜ್ಞೆ ಸಿಕ್ಕಿದ ಖುಷಿಯಲ್ಲಿ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 39, ನಿಯಮ 3ನ್ನು ಮರೆಯುವವರು ಬಹಳ. ಅರ್ಜಿ, ಅಫಿಡವಿಟ್, ದಾವಾ ಪತ್ರ, ದಾಖಲೆಗಳ ಪ್ರತಿಯನ್ನು ಕೂಡಲೇ ತಲುಪಿಸಿ ಅಥವಾ ನೋಂದಾಯಿತ ಅಂಚೆಗೆ ಹಾಕಿ, ಅದೇ ದಿನ ಇಲ್ಲವೇ ಮರುದಿನ ಅದರ ಅಫಿಡವಿಟ್ ಸಲ್ಲಿಸಬೇಕು. ಮೇಲ್ಮನವಿಗೆ ಜಿಲ್ಲಾ ನ್ಯಾಯಾಲಯಕ್ಕೆ 30, ಹೈಕೋರ್ಟಿಗೆ 90 ದಿನ. ತೀರ್ಪಿನ ದೃಢೀಕೃತ ಪ್ರತಿ ಪಡೆಯಲು ಹಿಡಿದ ಸಮಯ ಲೆಕ್ಕದಿಂದ ಕಳೆಯುತ್ತದೆ, ಆದ್ದರಿಂದ ತೀರ್ಪು ಬಂದ ದಿನವೇ ಪ್ರತಿಗೆ ಅರ್ಜಿ ಹಾಕಿ.

ಪಾಟಿ ಸವಾಲು

ಮೊದಲ ವರ್ಷ ಸೀನಿಯರ್ ಮಾಡುವ ಪಾಟಿ ಸವಾಲಿನ ಪ್ರತಿ ಪ್ರಶ್ನೆಯನ್ನೂ ಬರೆದುಕೊಳ್ಳಿ, ಸಂಜೆ ದಾಖಲೆಯ ಪಕ್ಕದಲ್ಲಿಟ್ಟು ಆ ಪ್ರಶ್ನೆ ಏಕೆ ಬಂತು ಎಂದು ಹುಡುಕಿ. ಕಲಿಯಲು ಇದಕ್ಕಿಂತ ಒಳ್ಳೆಯ ದಾರಿ ಇನ್ನೊಂದಿಲ್ಲ. ನಿಮ್ಮ ಸರದಿ ಬಂದಾಗ ಹಾಳೆಯ ನಡುವೆ ಗೆರೆ ಎಳೆದು ಎಡಕ್ಕೆ ಪ್ರಶ್ನೆ, ಬಲಕ್ಕೆ ಅದಕ್ಕೆ ಆಧಾರವಾದ ನಿಶಾನೆ ಸಂಖ್ಯೆ (ಗುರುತಾದ ದಾಖಲೆಯ ಸಂಖ್ಯೆ) ಬರೆಯಿರಿ. ಆಧಾರ ಇಲ್ಲದ ಪ್ರಶ್ನೆ ಸಾಕ್ಷಿಗೆ ಇನ್ನೊಮ್ಮೆ ತನ್ನ ಕಥೆ ಹೇಳಲು ಅವಕಾಶ ಕೊಡುತ್ತದೆ.

ಕ್ರಯದ ಕರಾರು ಕೇಸಿನ ಒಂದು ಉದಾಹರಣೆ. ಇ-ಸ್ಟ್ಯಾಂಪ್ ಪ್ರಮಾಣಪತ್ರದ ಮೇಲೆ ದಿನಾಂಕದ ಜೊತೆ ಗಂಟೆ, ನಿಮಿಷವೂ ಇರುತ್ತದೆ. ಸಂಜೆ 4.40ಕ್ಕೆ ಪಡೆದ ಸ್ಟ್ಯಾಂಪ್, ಆದರೆ ಸಾಕ್ಷಿ ತನ್ನ ಅಫಿಡವಿಟ್‌ನಲ್ಲಿ ಬೆಳಗ್ಗೆಯೇ ಸಹಿ ಆಯಿತು ಎಂದಿದ್ದಾನೆ. ಆಗ ನೇರವಾಗಿ ‘ಸುಳ್ಳು ಹೇಳುತ್ತಿದ್ದೀರಿ’ ಎನ್ನಬೇಡಿ. ಸಹಿ ಎಲ್ಲಿ ಆಯಿತು, ಯಾರ್ಯಾರು ಇದ್ದರು, ಊಟಕ್ಕೆ ಮುಂಚೆಯೋ ಆಮೇಲೋ ಎಂದು ಒಂದೊಂದಾಗಿ ಕಟ್ಟಿಹಾಕಿ. ಎಲ್ಲ ದಾಖಲಾದ ಮೇಲೆ ಸ್ಟ್ಯಾಂಪ್ ತೋರಿಸಿ ಸಮಯ ಓದಿಸಿ, ಅಲ್ಲಿಗೆ ನಿಲ್ಲಿಸಿ. ‘ಅದು ಹೇಗೆ?’ ಎಂದು ಕೇಳಿದಿರೋ, ಅವನು ವಿವರಣೆ ಕೊಟ್ಟು ಪಾರಾಗುತ್ತಾನೆ.

ಅದೇ ಕರಾರಿಗೆ ಸ್ಟ್ಯಾಂಪ್ ಶುಲ್ಕ ಕಡಿಮೆ ಇದ್ದರೆ ತಕರಾರು ಎತ್ತಬೇಕಾದ್ದು ದಾಖಲೆ ಗುರುತಾಗುವ ಮೊದಲೇ. ಸ್ವಾಧೀನ ಕೊಟ್ಟಿದ್ದೇವೆ ಎಂದು ಬರೆದ ಕರಾರಿಗೆ ಕ್ರಯಪತ್ರದಷ್ಟೇ ಶುಲ್ಕ ಬೀಳುತ್ತದೆ. ಕರ್ನಾಟಕ ಸ್ಟ್ಯಾಂಪ್ ಕಾಯಿದೆ 1957ರ ಕಲಂ 34ರಡಿ ಬಾಕಿ ಶುಲ್ಕ ಮತ್ತು ಹತ್ತು ಪಟ್ಟು ದಂಡ ಕಟ್ಟದೆ ಅದು ಸಾಕ್ಷ್ಯಕ್ಕೆ ಬರುವುದಿಲ್ಲ. ಆದರೆ ಒಮ್ಮೆ ನಿಶಾನೆ ಬಿದ್ದ ಮೇಲೆ ಆ ಕಾರಣಕ್ಕೆ ಪ್ರಶ್ನಿಸಲು ಕಲಂ 35 ಬಿಡುವುದಿಲ್ಲ. ಅರೆ ನಿಮಿಷ ತಡವಾಗಿ ಎದ್ದು ನಿಂತರೂ ಅವಕಾಶ ಹೋಯಿತು.

ನಮ್ಮ ವಿಚಾರಣಾ ನ್ಯಾಯಾಲಯಗಳಲ್ಲಿ ಸಾಕ್ಷ್ಯ ಕನ್ನಡದಲ್ಲಿ ದಾಖಲಾಗುತ್ತದೆ, ‘ಎಂದರೆ ಸರಿ’, ‘ಎಂದರೆ ಸರಿಯಲ್ಲ’ ಎಂಬ ಧಾಟಿಯಲ್ಲಿ. ಸಾಕ್ಷಿ ‘ಇರಬಹುದು’ ಎಂದದ್ದು ‘ಸರಿ’ ಎಂದೋ ‘ಗೊತ್ತಿಲ್ಲ’ ಎಂದೋ ಟೈಪ್ ಆಗುವುದುಂಟು. ಸಾಕ್ಷಿ ಸಹಿ ಹಾಕುವ ಮುಂಚೆ ಪರದೆ ನೋಡಿ, ಅಲ್ಲೇ ವಿನಯದಿಂದ ಹೇಳಿ ತಿದ್ದಿಸಿ. ಮತ್ತು ನಿಮ್ಮ ಪಕ್ಷಕಾರರ ನಿಲುವನ್ನು ಸಾಕ್ಷಿಯ ಮುಂದೆ ಸಲಹೆಯಾಗಿ ಇಡದೆ ಕೂರಬೇಡಿ, ಪ್ರಶ್ನಿಸದ ಮಾತನ್ನು ಒಪ್ಪಿಕೊಂಡಂತೆ ಎಂದು ವಾದದಲ್ಲಿ ತಿರುಗಿಸುತ್ತಾರೆ. ಹೈಕೋರ್ಟಿನ ಭಾಷೆ ಇಂಗ್ಲಿಷ್ ಆಗಿರುವುದರಿಂದ ಎರಡೂ ಭಾಷೆಯಲ್ಲಿ ಬರೆಯುವ ಕೈ ಬೇಕು. ಆದರೆ ಕನ್ನಡದಲ್ಲಿ ಚೊಕ್ಕ ದಾವಾ ಪತ್ರ ಬರೆಯಬಲ್ಲವರು ಕಡಿಮೆಯಾಗುತ್ತಿದ್ದಾರೆ, ಅದನ್ನು ಕಲಿತವರಿಗೆ ಜಿಲ್ಲೆಯಲ್ಲಿ ಕೆಲಸ ತಪ್ಪುವುದಿಲ್ಲ.

ತೀರ್ಪುಗಳನ್ನು ಉಲ್ಲೇಖಿಸುವಾಗ ಎಐ ಉಪಕರಣ ಕೊಟ್ಟ ಸೈಟೇಷನ್ ನಂಬಬೇಡಿ. ಸುಪ್ರೀಂ ಕೋರ್ಟಿನ ಅಥವಾ ಹೈಕೋರ್ಟಿನ ಅಧಿಕೃತ ಜಾಲತಾಣದಿಂದ ಪೂರ್ಣ ಪ್ರತಿ ತೆಗೆದು, ನೀವು ಹೇಳುವ ಪ್ಯಾರಾ ಅಲ್ಲಿದೆಯೇ ಎಂದು ಕಣ್ಣಾರೆ ನೋಡಿ.

ಫೀಸು ಮತ್ತು ಮೂಲ ದಾಖಲೆ

ಸ್ವಂತ ಕೇಸು ಬರತೊಡಗಿದಾಗ ಫೀಸನ್ನು ಹಂತಗಳಾಗಿ ಮುರಿದು ಬರೆದುಕೊಡಿ: ದಾಖಲಿಸುವಾಗ ಇಷ್ಟು, ಸಾಕ್ಷ್ಯ ಶುರುವಾದಾಗ ಇಷ್ಟು, ವಾದಕ್ಕೆ ಇಷ್ಟು. ಕೋರ್ಟ್ ಶುಲ್ಕ, ಪ್ರೊಸೆಸ್ ಫೀ, ಟೈಪಿಂಗ್, ದೃಢೀಕೃತ ಪ್ರತಿ, ಕಮಿಷನರ್ ವೆಚ್ಚ ಬೇರೆ ಎಂದು ಸ್ಪಷ್ಟವಾಗಿ ಹೇಳಿ. ಎರಡನ್ನೂ ಕಲಸಿದ ಕಡೆ ಜಗಳ ಖಚಿತ. ಗೆದ್ದರೆ ಆಸ್ತಿಯಲ್ಲಿ ಪಾಲು ಅಥವಾ ಪರಿಹಾರದಲ್ಲಿ ಶೇಕಡಾವಾರು ಎಂಬ ಒಪ್ಪಂದಕ್ಕೆ ಪರಿಷತ್ತಿನ 20ನೇ ನಿಯಮದಲ್ಲಿ ನಿಷೇಧವಿದೆ, ಅಪಘಾತ ಪರಿಹಾರದ ಕೇಸುಗಳಲ್ಲಿ ಎಷ್ಟು ಚಾಲ್ತಿಯಲ್ಲಿದ್ದರೂ ದೂರವಿರಿ. ಪಡೆದ ಹಣಕ್ಕೆಲ್ಲ ರಸೀದಿ ಕೊಡಿ.

ಮೂಲ ದಾಖಲೆ ಪಡೆದಾಗ ಪಟ್ಟಿ ಮಾಡಿ ಸ್ವೀಕೃತಿ ಕೊಡಿ, ಸ್ಕ್ಯಾನ್ ಮಾಡಿ ಆದಷ್ಟು ಬೇಗ ಹಿಂದಿರುಗಿಸಿ ಸಹಿ ಪಡೆಯಿರಿ. ಫೀಸು ಬಾಕಿ ಎಂದು ಫೈಲು ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲ. ಸುಪ್ರೀಂ ಕೋರ್ಟ್ 2000ದಲ್ಲೇ ಆರ್.ಡಿ. ಸಕ್ಸೇನಾ ಪ್ರಕರಣದಲ್ಲಿ ಇದನ್ನು ಖಚಿತಪಡಿಸಿದೆ.

ಮುಂದಿನ ಹೆಜ್ಜೆ

3 ವರ್ಷ ತುಂಬಿದ ಮೇಲೆ ಜಿಲ್ಲಾ ಮತ್ತು ತಾಲೂಕು ಕಾನೂನು ಸೇವಾ ಸಂಸ್ಥೆಗಳ ಪ್ಯಾನೆಲ್‌ಗೆ ಅರ್ಜಿ ಹಾಕಿ. ಹಣ ಕಡಿಮೆ, ಆದರೆ ಇಡೀ ವಿಚಾರಣೆಯನ್ನು ನೀವೇ ನಡೆಸಲು ಸಿಗುತ್ತದೆ, ಮತ್ತು ಬೇರೆ ದಿಕ್ಕಿಲ್ಲದವರಿಗೆ ವಕೀಲರು ಸಿಗುತ್ತಾರೆ. ಆ ಕೇಸುಗಳನ್ನು ಫೀಸು ಕೊಟ್ಟವರ ಕೇಸಿನಷ್ಟೇ ಶ್ರದ್ಧೆಯಿಂದ ನಡೆಸಿ. 7 ವರ್ಷಕ್ಕೆ ಜಿಲ್ಲಾ ನ್ಯಾಯಾಧೀಶರ ನೇರ ನೇಮಕಾತಿಗೂ ಪಬ್ಲಿಕ್ ಪ್ರಾಸಿಕ್ಯೂಟರ್ ಹುದ್ದೆಗೂ ಅರ್ಹತೆ ಬರುತ್ತದೆ.

ಸೀನಿಯರ್ ಕಚೇರಿ ಬಿಡುವ ಕಾಲ ಯಾವುದು? ಒಂದು ಸಿವಿಲ್ ದಾವೆಯನ್ನು ದಾವಾ ಪತ್ರದಿಂದ ಡಿಕ್ರಿವರೆಗೆ, ಒಂದು ಸೆಷನ್ಸ್ ಕೇಸನ್ನು ಆರೋಪ ಹೊರಿಸುವುದರಿಂದ ತೀರ್ಪಿನವರೆಗೆ ಹತ್ತಿರದಿಂದ ನೋಡಿ ಮುಗಿಸಿದ್ದರೆ ಬಿಡಬಹುದು. ಎರಡು ತಿಂಗಳು ಮುಂಚೆ ಹೇಳಿ. ನಿಮ್ಮ ಕೈಯಲ್ಲಿರುವ ಪ್ರತಿ ಫೈಲಿಗೂ ಅರ್ಧ ಪುಟದ ಟಿಪ್ಪಣಿ ಬರೆದಿಡಿ: ಹಂತ, ಮುಂದಿನ ವಾಯಿದೆ, ಬಾಕಿ ಅರ್ಜಿ, ಕಕ್ಷಿದಾರರಿಂದ ಬರಬೇಕಾದ ಕಾಗದ. ಆ ಕಚೇರಿಯ ಕಕ್ಷಿದಾರರು ನಿಮ್ಮ ಹಿಂದೆ ಬರುತ್ತೇವೆ ಎಂದರೆ ಮೊದಲು ಸೀನಿಯರ್ ಅವರ ಒಪ್ಪಿಗೆ ಪಡೆದು ಬರಲು ಹೇಳಿ. ಪರಿಷತ್ತಿನ 39ನೇ ನಿಯಮದ ಪ್ರಕಾರ ಬೇರೆಯವರ ವಕಾಲತ್ತು ಇರುವ ಕೇಸಿನಲ್ಲಿ ಅವರ ಒಪ್ಪಿಗೆಯಿಲ್ಲದೆ ಹಾಜರಾಗುವಂತಿಲ್ಲ. ಒಪ್ಪಿಗೆ ಸಿಗದಿದ್ದರೆ ಕಾರಣ ತಿಳಿಸಿ ನ್ಯಾಯಾಲಯದ ಅನುಮತಿ ಕೋರಬೇಕು. ಒಪ್ಪಿಗೆಯನ್ನು ಫೋನಿನಲ್ಲಿ ಪಡೆದು ಬಿಡಬೇಡಿ, ಹಳೆಯ ವಕಾಲತ್ತಿನ ಮೇಲೆಯೇ ‘ಆಕ್ಷೇಪಣೆ ಇಲ್ಲ’ ಎಂದು ಬರೆಸಿ ಸಹಿ ಹಾಕಿಸಿಕೊಂಡು ಹೊಸ ವಕಾಲತ್ತಿನ ಜೊತೆ ಸಲ್ಲಿಸಿ.